ಏಳು ಜನ, ಸುಡು ಬಿಸಿಲು, ಇಡೀ ದಿನಕ್ಕೆ ನಾಲ್ಕೇ ರೈಡ್. ಎಲ್ಲಿ ತಪ್ಪಿದೆವು?

ಎರಡುಜಡೆ
ಬೈಯುವವರು ಬೈಯಿರಿ, ಬೇಡ ಅನ್ನಲ್ಲ. ಬೈದಾದ ಮೇಲೆ ಒಂದು ಉಪಾಯವನ್ನೂ ಹೇಳಿ ಹೋಗಿ.

ಹೋದ ಶನಿವಾರ ಮನೆಮಂದಿಯೆಲ್ಲ ಥೀಮ್ ಪಾರ್ಕ್‌ಗೆ ಹೋಗಿದ್ದೆವು. ನಾನು, ನಮ್ಮವರು, ಒಂಬತ್ತು ವರ್ಷದ ಮಗ, ಐದು ವರ್ಷದ ಮಗಳು, ಅತ್ತೆ, ನಾದಿನಿ, ಅವಳ ಗಂಡ. ಗೇಟ್ ಮುಟ್ಟಿದಾಗ ಹನ್ನೊಂದು ಗಂಟೆ. ಒಳಗೆ ಕಾಲಿಡುವಷ್ಟರಲ್ಲಿ ಹನ್ನೊಂದೂ ಮುಕ್ಕಾಲು. ಮೊದಲ ರೈಡ್‌ಗೆ ಒಂದು ಗಂಟೆ ಇಪ್ಪತ್ತು ನಿಮಿಷ ನಿಂತೆವು. ಅಷ್ಟು ಹೊತ್ತು ನಿಂತು ತುದಿಗೆ ಬಂದರೆ ಎತ್ತರ ಅಳೆಯುವ ಕೋಲು. ಮಗಳು ಎರಡು ಬೆರಳು ಗಿಡ್ಡ. ಕೂದಲನ್ನು ಮೇಲಕ್ಕೆತ್ತಿ ಹಿಡಿದುಕೊಂಡು ನಿಂತಳು, ಪಾಪ. ಅಲ್ಲಿದ್ದ ಹುಡುಗ ಒಪ್ಪಲಿಲ್ಲ. ಅವಳು ಅತ್ತಿದ್ದು ಬೇರೆ ಊರಿಗೆ ಕೇಳಿಸಿರಬೇಕು.

ಎರಡು ಗಂಟೆಗೆ ನನಗೂ ನಮ್ಮವರಿಗೂ ಜಗಳ. "ದುಡ್ಡು ಕೊಟ್ಟಿದ್ದೇವೆ, ಎಲ್ಲವನ್ನೂ ಹತ್ತಲೇಬೇಕು" ಅಂತ ಅವರು. ಆಮೇಲೆ ಗಿರಗಿರ ತಿರುಗುವ ಕಪ್‌ನಿಂದ ಇಳಿದ ಮಗಳು ನನ್ನ ಮೇಲೇ ವಾಂತಿ ಮಾಡಿದಳು. ಮೂರೂವರೆಗೆ ಅತ್ತೆ ಬೆಂಚಿನಿಂದ ಎದ್ದವರೇ ಕಣ್ಣು ಕತ್ತಲೆ ಬಂದು ಮತ್ತೆ ಕುಸಿದು ಕೂತರು. ಪ್ರಥಮ ಚಿಕಿತ್ಸೆ ಕೋಣೆಯಲ್ಲಿ ಒಂದು ಗಂಟೆ ಮಲಗಿಸಿದ ಮೇಲೆ ಸರಿಹೋದರು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಮುಂದಿನ ತಿಂಗಳು ಮತ್ತೆ ಕರೆದುಕೊಂಡು ಹೋಗುತ್ತೇವೆ ಅಂತ ಮಕ್ಕಳಿಗೆ ಮಾತು ಕೊಟ್ಟಾಗಿದೆ. ಎಷ್ಟು ಹೊತ್ತಿಗೆ ಹೋಗಬೇಕು? ಕ್ಯೂ ತಪ್ಪಿಸುವ ಆ ದುಬಾರಿ ಟಿಕೆಟ್ ತಗೊಳ್ಳಬೇಕಾ? ಅತ್ತೆ "ನಾನು ಬರಲ್ಲ, ನೀವು ಹೋಗಿಬನ್ನಿ" ಅನ್ನುತ್ತಿದ್ದಾರೆ. ಬಿಟ್ಟು ಹೋಗೋದಾ?

ಬಾಗಿಲುತೆಗಿ
ಹನ್ನೊಂದು ಗಂಟೆಗೆ ಹೋದದ್ದೇ ತಪ್ಪು. ಉಳಿದದ್ದೆಲ್ಲ ಅದರ ಮಕ್ಕಳು ಮೊಮ್ಮಕ್ಕಳು.

ಗೇಟ್ ತೆಗೆಯುವ ಅರ್ಧ ಗಂಟೆ ಮೊದಲೇ ಅಲ್ಲಿರಬೇಕು. ಟಿಕೆಟ್ ಹಿಂದಿನ ದಿನವೇ ಫೋನಿನಲ್ಲಿರಬೇಕು. ಗೇಟ್ ತೆಗೆದ ಕೂಡಲೇ ಎಲ್ಲರೂ ಕಣ್ಣಿಗೆ ಬಿದ್ದ ಮೊದಲ ರೈಡ್‌ಗೆ ನುಗ್ಗುತ್ತಾರೆ. ನೀವು ಸೀದಾ ಹಿಂದಿನ ಮೂಲೆಗೆ ಹೋಗಿ. ಮೊದಲ ಎರಡು ಗಂಟೆಯಲ್ಲಿ ನಾವು ಐದು ದೊಡ್ಡ ರೈಡ್ ಮುಗಿಸಿದ್ದೇವೆ, ಇದು ಬಡಾಯಿ ಅಲ್ಲ.

ಎರಡುಜಡೆ
@ಬಾಗಿಲುತೆಗಿ ಅಣ್ಣ, ಏಳು ಜನ, ಒಂದು ಬಚ್ಚಲುಮನೆ. ಹನ್ನೊಂದಕ್ಕೆ ಮುಟ್ಟಿದ್ದೇ ಪವಾಡ.

ಸಂಜೆಗಾಳಿ
ಬೆಳಿಗ್ಗೆ ಓಡುವವರೆಲ್ಲ ಇದನ್ನೇ ಹೇಳುತ್ತಾರೆ. ನಮ್ಮದು ಉಲ್ಟಾ. ಮನೆಯಲ್ಲೇ ಊಟ ಮುಗಿಸಿ, ಮಕ್ಕಳನ್ನು ಮಲಗಿಸಿ ಎಬ್ಬಿಸಿ, ನಾಲ್ಕು ಗಂಟೆಗೆ ಒಳಗೆ ಹೋಗುತ್ತೇವೆ. ಬೆಳಿಗ್ಗೆ ಬಂದವರು ಅಷ್ಟೊತ್ತಿಗೆ ಸುಸ್ತಾಗಿ ಹೊರಗೆ ಬರುತ್ತಿರುತ್ತಾರೆ. ಅವರ ಮುಖ ನೋಡಿದರೇ ಗೊತ್ತಾಗುತ್ತೆ, ಮದುವೆ ಮನೆಯಲ್ಲಿ ಪಾತ್ರೆ ತೊಳೆದು ಬಂದವರ ಹಾಗೆ.

ಬಾಗಿಲುತೆಗಿ
@ಸಂಜೆಗಾಳಿ ನಾಲ್ಕಕ್ಕೆ ಹೋಗಿ, ಬೇಗ ಮುಚ್ಚುವ ದಿನವಾದರೆ ಮೂರು ರೈಡ್ ಆಗುತ್ತಾ? ಇಡೀ ದಿನದ ಟಿಕೆಟ್ ತಗೊಂಡು ಅರ್ಧ ದಿನ ನೋಡೋದು ಯಾವ ಲೆಕ್ಕ?

ಸಂಜೆಗಾಳಿ
ಇವರು ಇಡೀ ದಿನ ನೋಡಿ ನಾಲ್ಕು ರೈಡ್ ಹತ್ತಿದ್ದಾರಲ್ಲ, ಅದು ಯಾವ ಲೆಕ್ಕ?

ಸುಮ್ನೆಓದುವವ
ಶುರುವಾಯ್ತು.

ಲೆಕ್ಕದಮೇಷ್ಟ್ರು
ಲೆಕ್ಕ ಅಂದಿರಲ್ಲ, ಅದಕ್ಕೇ ಬಂದೆ. ಕ್ಯೂ ಎಷ್ಟು ಹೊತ್ತಾಗುತ್ತೆ ಅಂತ ಬೋರ್ಡ್ ನೋಡಬೇಕಾಗಿಲ್ಲ, ನೀವೇ ಎಣಿಸಬಹುದು. ರೋಲರ್ ಕೋಸ್ಟರ್‌ನ ಒಂದು ರೈಲಿನಲ್ಲಿ 20 ಸೀಟು, ಎರಡು ನಿಮಿಷಕ್ಕೆ ಒಂದು ರೈಲು ಹೊರಡುತ್ತದೆ ಅಂತಿಟ್ಟುಕೊಳ್ಳಿ. ಅಂದರೆ ನಿಮಿಷಕ್ಕೆ 10 ಜನ. ಈಗ ಕ್ಯೂವಿನ ಒಂದು ಮಡಿಕೆಯಲ್ಲಿ ಎಷ್ಟು ತಲೆ ಇದೆ ಎಣಿಸಿ. 40 ಇದ್ದು, ಅಂಥ ಎಂಟು ಮಡಿಕೆ ಇದ್ದರೆ 320 ಜನ. ಕಾಯಬೇಕಾದದ್ದು 32 ನಿಮಿಷ. ಇದಕ್ಕೆ ಲಿಟಲ್ಸ್ ಲಾ ಅನ್ನುತ್ತಾರೆ. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ. ಬ್ಯಾಂಕಿಗೂ ಅದೇ, ಆಸ್ಪತ್ರೆಗೂ ಅದೇ.

ಈಗ ದುಬಾರಿ ಟಿಕೆಟ್ ವಿಷಯ. ಪ್ರತಿ ರೈಲಿನ ಅರ್ಧ ಸೀಟು ಆ ಸಾಲಿಗೆ ಹೋಯಿತು ಅನ್ನಿ. ಸಾಮಾನ್ಯ ಸಾಲಿಗೆ ನಿಮಿಷಕ್ಕೆ ಉಳಿದದ್ದು ಐದು ಸೀಟು. ಅದೇ 320 ಜನ, ಈಗ 64 ನಿಮಿಷ. ಸಾಲು ಉದ್ದ ಆಗಲೇ ಇಲ್ಲ, ಆದರೂ ಕಾಯುವುದು ಎರಡರಷ್ಟಾಯಿತು. "ಸಾಲು ಮುಂದಕ್ಕೇ ಹೋಗ್ತಿಲ್ಲ" ಅಂತ ಎಲ್ಲರೂ ಗೊಣಗುವುದು ಇದಕ್ಕೇ.

ಕೊನೆಸೀಟು
ಮೇಷ್ಟ್ರೇ, ಒಂದು ಸಣ್ಣ ತಿದ್ದುಪಡಿ. ಒಂದೇ ರೈಲು ಓಡಿಸುತ್ತಿದ್ದಾರಾ, ಎರಡಾ ಅಂತ ಮೊದಲು ನೋಡಬೇಕು. ಹಳಿಯ ಪಕ್ಕದ ಶೆಡ್ಡಿನಲ್ಲಿ ಒಂದು ರೈಲು ಸುಮ್ನೆ ನಿಂತಿದ್ದರೆ ಆ ಸಾಲಿಗೆ ನಿಲ್ಲಲೇಬೇಡಿ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ. ಬಿಸಿಲಿನ ದಿನ ಮಧ್ಯಾಹ್ನದ ಮೇಲೆ ಕೋಸ್ಟರ್ ಜೋರಾಗಿ ಓಡುತ್ತದೆ. ಬೆಳಿಗ್ಗೆ ಚಕ್ರದ ಬೇರಿಂಗ್‌ನ ಗ್ರೀಸ್ ಗಟ್ಟಿಯಾಗಿರುತ್ತದೆ, ಓಡುತ್ತಾ ಓಡುತ್ತಾ ಕಾದು ಸಡಿಲವಾಗುತ್ತದೆ. ಅದೇ ಕೋಸ್ಟರನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹತ್ತಿ ನೋಡಿ. ಅದರಲ್ಲೂ ಕೊನೆಯ ಸೀಟಿನಲ್ಲಿ. ಇಳಿಜಾರಿಗೆ ಬರುವಾಗ ಮುಂದಿನವರು ಆಗಲೇ ಕೆಳಗೆ ಬೀಳುತ್ತಿರುತ್ತಾರೆ, ರೈಲು ನಮ್ಮನ್ನು ತುದಿಯ ಮೇಲಿಂದ ಎಳೆದೊಗೆಯುತ್ತದೆ. ಮುಂದಿನ ಸೀಟು ನೋಡುವವರಿಗೆ, ಹಿಂದಿನ ಸೀಟು ಅನುಭವಿಸುವವರಿಗೆ.

ಎರಡುಜಡೆ
ಸ್ವಾಮಿ, ನಮಗೆ ಯಾವ ಸೀಟೂ ಸಿಗಲಿಲ್ಲ. ಅದರ ಗೋಳು ಮೊದಲು.

ಮೂರರತಾಯಿ
ಎತ್ತರದ ವಿಷಯಕ್ಕೆ ಬರುತ್ತೇನೆ, ನನಗೆ ಅದು ಓದಿ ಹೊಟ್ಟೆ ಚುರ್ ಅಂತು. ನಾವು ಹೊರಡುವ ಹಿಂದಿನ ದಿನ ಮನೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಗೆರೆ ಹಾಕುತ್ತೇವೆ. ಪಾರ್ಕಿನ ಪಟ್ಟಿ ನೋಡಿ, "ನಿನಗೆ ಇವು ಇವು ಸಿಗುತ್ತವೆ, ಇವು ಸಿಗಲ್ಲ" ಅಂತ ಮನೆಯಲ್ಲೇ ಹೇಳಿಬಿಡುತ್ತೇವೆ. ಅಳುವುದಿದ್ದರೆ ಮನೆಯಲ್ಲೇ ಅಳಲಿ, ನೆರಳಿದೆ, ಫ್ಯಾನ್ ಇದೆ.

ಮತ್ತೆ ದಯವಿಟ್ಟು ಯಾರೂ ಶೂ ಒಳಗೆ ಬಟ್ಟೆ ತುರುಕಿ ಎತ್ತರ ಮಾಡಬೇಡಿ. ನನ್ನ ತಮ್ಮ ಮಾಡಿದ್ದ. ಆ ಅಳತೆ ಸುಮ್ನೆ ಇಟ್ಟದ್ದಲ್ಲ. ಸೀಟಿನ ಕಂಬಿ ಆ ಮೈಕಟ್ಟನ್ನು ಹಿಡಿದುಕೊಳ್ಳುತ್ತದೋ ಇಲ್ಲವೋ ಅನ್ನುವುದಕ್ಕೆ ಅದು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಎಷ್ಟೋ ದೊಡ್ಡ ಪಾರ್ಕುಗಳಲ್ಲಿ ಅಪ್ಪ ಅಮ್ಮ ಸರದಿ ಬದಲಿಸಿಕೊಳ್ಳಬಹುದು. ಒಬ್ಬರು ಸಾಲಿನಲ್ಲಿ ನಿಂತು ಹತ್ತಿ ಬರುವವರೆಗೆ ಇನ್ನೊಬ್ಬರು ಚಿಕ್ಕದನ್ನು ನೋಡಿಕೊಂಡಿರುತ್ತಾರೆ. ಆಮೇಲೆ ಅವರು ಮತ್ತೆ ಸಾಲಿಗೆ ನಿಲ್ಲದೆ ಹತ್ತಬಹುದು. ಬೋರ್ಡಿನಲ್ಲಿ ಬರೆದಿರುವುದಿಲ್ಲ. ರೈಡಿನ ಬಾಗಿಲಲ್ಲಿ ನಿಂತವರನ್ನು ಬಾಯಿಬಿಟ್ಟು ಕೇಳಬೇಕು.

ಎರಡುಜಡೆ
@ಮೂರರತಾಯಿ ಅಕ್ಕ, ಇದು ಗೊತ್ತೇ ಇರಲಿಲ್ಲ! ನಾನು ಅಳುವವಳನ್ನು ಎತ್ತಿಕೊಂಡು ಆ ಎಂಬತ್ತು ನಿಮಿಷದ ಸಾಲಿನಲ್ಲಿ ವಾಪಸ್ ನಡೆದುಕೊಂಡು ಬಂದೆ, ಎದುರಿಗೆ ಬರುವವರಿಗೆಲ್ಲ "ಸಾರಿ ಸಾರಿ" ಅನ್ನುತ್ತಾ.

ಹಳೇಕಥೆ
ನಿಮ್ಮ ದಿನ ಅಷ್ಟೇನೂ ಕೆಟ್ಟದ್ದಲ್ಲ ಅಂತ ಸಮಾಧಾನ ಹೇಳಲು ಬಂದೆ. ಡಿಸ್ನಿಲ್ಯಾಂಡ್ ತೆರೆದ ದಿನ, 1955ರ ಜುಲೈ 17, ಇದಕ್ಕಿಂತ ರಾಮಾಯಣ ಆಗಿತ್ತು. ಉಷ್ಣತೆ 38 ಡಿಗ್ರಿ ಹತ್ತಿರ. ಖೋಟಾ ಟಿಕೆಟ್ ಹಿಡಿದು ಬಂದವರೂ ಸೇರಿ ಸುಮಾರು 28,000 ಜನ ನುಗ್ಗಿದ್ದರು. ಡಾಂಬರು ಹೊಸದಾಗಿ ಹಾಕಿದ್ದು, ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಎತ್ತರದ ಹಿಮ್ಮಡಿಯ ಚಪ್ಪಲಿ ಅದರೊಳಗೆ ಹೂತುಹೋಗುತ್ತಿತ್ತು.

ಇನ್ನೊಂದು ಕೇಳಿ. ಕೊಳಾಯಿ ಕೆಲಸದವರು ಮುಷ್ಕರ ಮಾಡಿದ್ದರಿಂದ ಕುಡಿಯುವ ನೀರು, ಶೌಚಾಲಯ ಎರಡನ್ನೂ ಸಮಯಕ್ಕೆ ಮುಗಿಸಲು ಆಗಲಿಲ್ಲ. ಒಂದನ್ನು ಆರಿಸಬೇಕಾಯಿತು. ವಾಲ್ಟ್ ಡಿಸ್ನಿ ಶೌಚಾಲಯ ಆರಿಸಿದರು. ಆ ಸೆಕೆಯಲ್ಲಿ ನೀರಿನ ನಲ್ಲಿಗಳು ಒಣಗಿದ್ದನ್ನು ನೋಡಿ, ತಂಪು ಪಾನೀಯ ಮಾರಲಿಕ್ಕೇ ಹೀಗೆ ಮಾಡಿದ್ದಾರೆ ಅಂತ ಜನ ಬೈದರಂತೆ.

ಸುಮ್ನೆಓದುವವ
ಸರಿಯಾದ್ದನ್ನೇ ಆರಿಸಿದ್ದಾರೆ.

ಕೊನೆಸೀಟು
@ಹಳೇಕಥೆ ಕೋಸ್ಟರ್ ಕಥೆ ಹೇಳಿ. ಅದು ಹುಟ್ಟಿದ್ದು ಚಳಿಯಲ್ಲಿ ಅಲ್ವಾ?

ಹಳೇಕಥೆ
ಹೌದು. ರಷ್ಯಾದಲ್ಲಿ ಚಳಿಗಾಲಕ್ಕೆ ಮರದ ಅಟ್ಟ ಕಟ್ಟಿ, ಅದರ ಮೇಲೆ ನೀರು ಹಾಕಿ ಹಿಮಗಟ್ಟಿಸಿ ಜಾರುತ್ತಿದ್ದರು. ಅದಕ್ಕೇ ಫ್ರೆಂಚರು ಇವತ್ತಿಗೂ ರೋಲರ್ ಕೋಸ್ಟರ್‌ಗೆ "ರಷ್ಯನ್ ಬೆಟ್ಟ" ಅನ್ನುತ್ತಾರೆ. ತಮಾಷೆ ಏನಂದರೆ ರಷ್ಯನ್ನರು ಅದಕ್ಕೆ "ಅಮೆರಿಕನ್ ಬೆಟ್ಟ" ಅನ್ನುತ್ತಾರೆ. ಯಾರಿಗೂ ಅದು ತಮ್ಮ ಮನೆಯದ್ದು ಅಂತ ಒಪ್ಪಿಕೊಳ್ಳಲು ಇಷ್ಟವಿಲ್ಲ. 1884ರಲ್ಲಿ ಅಮೆರಿಕದ ಕೋನಿ ಐಲೆಂಡ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ಇಟ್ಟ ಕೋಸ್ಟರಿನ ವೇಗ ಗಂಟೆಗೆ ಹತ್ತು ಕಿಲೋಮೀಟರ್ ಅಷ್ಟೇ. ಸೈಕಲ್ ತುಳಿದುಕೊಂಡು ಹೋದ ಹಾಗೆ.

ದಾದಿಯಕ್ಕ
ಎಲ್ಲರೂ ಕಥೆ ಹೇಳಿ ಮುಗಿಯಿತಾ? ನಾನು ಮೂರೂವರೆ ಗಂಟೆಯ ವಿಷಯ ಕೇಳುತ್ತೇನೆ. @ಎರಡುಜಡೆ ಅತ್ತೆಯವರಿಗೆ ಎಷ್ಟು ವಯಸ್ಸು? ಬಿಪಿ ಮಾತ್ರೆ ತಗೊಳ್ಳುತ್ತಾರಾ? ಬೆಳಗಿನಿಂದ ಎಷ್ಟು ನೀರು ಕುಡಿದಿದ್ದರು?

ಎರಡುಜಡೆ
ಅರವತ್ತೆಂಟು. ಬಿಪಿ ಮಾತ್ರೆ ಇದೆ. ನೀರಿನ ಬಾಟಲಿ ಅವರ ಕೈಯಲ್ಲೇ ಇತ್ತು, ದಿನವಿಡೀ. ಅವರು ಬಿಸಿಲಿಗೂ ನಿಂತಿಲ್ಲ, ಮರದ ನೆರಳಿನ ಬೆಂಚಿನಲ್ಲಿ ಕೂತಿದ್ದರು. ಅದಕ್ಕೇ ನಮಗೆ ಆಶ್ಚರ್ಯ.

ದಾದಿಯಕ್ಕ
ಬಾಟಲಿ ಕೈಯಲ್ಲಿದ್ದರೆ ನೀರು ಹೊಟ್ಟೆಗೆ ಹೋಗಿದೆ ಅಂತ ಅರ್ಥ ಅಲ್ಲ. ಒಂದು ಸಲ ಕೇಳಿ ನೋಡಿ.

ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆಯಾಗುತ್ತದೆ. ಕೆಲವು ಬಿಪಿ ಮಾತ್ರೆಗಳು ಮೈಯ ನೀರನ್ನು ಹೊರಗೆ ಹಾಕುತ್ತವೆ. ಅದರ ಮೇಲೆ ನಾಲ್ಕು ಗಂಟೆ ಕೂತಲ್ಲೇ ಕೂತು ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರದೆ ಇನ್ನೇನು? ನೆರಳು ಬಿಸಿಲನ್ನು ತಡೆಯುತ್ತದೆ, ಸೆಕೆಯನ್ನಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ನೀರು ಚಿಮುಕಿಸುವ ದೊಡ್ಡ ಫ್ಯಾನ್ ಇಟ್ಟಿರುತ್ತಾರಲ್ಲ, ಒಣಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತೇವದ ಹವೆಯಲ್ಲಿ ಬಟ್ಟೆ ಒದ್ದೆ ಆಗುವುದೇ ಲಾಭ.

ಎಲ್ಲರೂ ಇದೊಂದನ್ನು ತಿಳಿದುಕೊಂಡಿರಿ. ತಲೆನೋವು, ತಲೆಸುತ್ತು, ವಾಕರಿಕೆ, ಮೈತುಂಬ ಬೆವರು ಬಂದರೆ ಬಿಸಿಲಿನ ಬಳಲಿಕೆ. ತಂಪಾದ ಜಾಗಕ್ಕೆ ಕರೆದುಕೊಂಡು ಹೋಗಿ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ, ಗುಟುಕು ಗುಟುಕಾಗಿ ನೀರು ಕುಡಿಸಿ. ಆದರೆ ಮಾತು ತಡವರಿಸಿದರೆ, ಎಲ್ಲಿದ್ದೇನೆ ಅಂತ ಗೊತ್ತಾಗದಿದ್ದರೆ, ಮೈ ಕೆಂಡದ ಹಾಗಿದ್ದರೆ, ಅದು ಬೇರೆಯೇ. ಒಳಗಿನ ಉಷ್ಣತೆ 40 ಡಿಗ್ರಿ ದಾಟಿರಬಹುದು. ಆಂಬುಲೆನ್ಸ್‌ಗೆ ಫೋನ್ ಮಾಡಿ, ಅದು ಬರುವವರೆಗೆ ಕಾಯದೆ ನೀರು ಸುರಿದು, ಗಾಳಿ ಹಾಕಿ ಮೈ ತಣ್ಣಗೆ ಮಾಡುತ್ತಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಮೂರರತಾಯಿ
ದಾದಿಯಕ್ಕ, ಓಆರ್‌ಎಸ್ ಪೊಟ್ಟಣ ಒಯ್ದರೆ ಒಳ್ಳೆಯದಾ, ಸಾದಾ ನೀರು ಸಾಕಾ?

ದಾದಿಯಕ್ಕ
ಸಾಮಾನ್ಯ ದಿನಕ್ಕೆ ನೀರು, ಜೊತೆಗೆ ಹೊಟ್ಟೆಗೆ ಏನಾದರೂ ಸಾಕು. ವಾಂತಿ ಭೇದಿ ಆದರೆ ಅಥವಾ ಇಡೀ ದಿನ ಬೆವರಿದರೆ ಓಆರ್‌ಎಸ್ ಇರಲಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಸಮ ಮಟ್ಟವಾಗಿರಬೇಕು, ಗುಡ್ಡೆ ಅಲ್ಲ. ಉಪ್ಪು ಜಾಸ್ತಿಯಾದರೆ ಅದೇ ತೊಂದರೆ ಕೊಡುತ್ತದೆ.

ಬಾಗಿಲುತೆಗಿ
ಇದಕ್ಕೇ ಹೇಳಿದ್ದು ಬೆಳಿಗ್ಗೆ ಹೋಗಿ ಅಂತ.

ಸಂಜೆಗಾಳಿ
ಇದಕ್ಕೇ ಹೇಳಿದ್ದು ಸಂಜೆ ಹೋಗಿ ಅಂತ.

ಲೆಕ್ಕದಮೇಷ್ಟ್ರು
ಇಬ್ಬರೂ ಅರ್ಧ ಸರಿ. ಸೂರ್ಯ ನೆತ್ತಿಗೆ ಬರುವುದು ಹನ್ನೆರಡರ ಸುಮಾರಿಗೆ, ಆದರೆ ಗಾಳಿ ತುಂಬಾ ಕಾಯುವುದು ಎರಡರಿಂದ ನಾಲ್ಕರ ಒಳಗೆ. ನೆಲ ಕಾದು, ಅದರಿಂದ ಗಾಳಿ ಕಾಯಲು ಹೊತ್ತು ಬೇಕು. ಹಾಗಾಗಿ ನಾಲ್ಕು ಗಂಟೆಗೆ ಹೋದವರಿಗೆ ಬಿಸಿಲು ಕಡಿಮೆ ಸಿಗುತ್ತದೆ, ಸೆಕೆ ಪೂರ್ತಿ ಸಿಗುತ್ತದೆ. ಐದೂವರೆ ಅನ್ನಿ, ಒಪ್ಪುತ್ತೇನೆ.

ನೆರಳಿನಬೆಕ್ಕು
ನಮ್ಮ ಮನೆಯ ಪದ್ಧತಿ: ಬೆಳಿಗ್ಗೆ ಹೋಗುವುದು, ಹನ್ನೆರಡೂವರೆಗೆ ಕೈಗೆ ಮುದ್ರೆ ಹಾಕಿಸಿಕೊಂಡು ಹೊರಗೆ ಬರುವುದು, ಎಲ್ಲಾದರೂ ಎಸಿಯಲ್ಲಿ ಊಟ, ಒಂದು ನಿದ್ದೆ, ಐದಕ್ಕೆ ಮತ್ತೆ ಒಳಗೆ. ಕೆಲವು ಕಡೆ ಮತ್ತೆ ಒಳಗೆ ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಬಿಡದಿದ್ದರೆ ಒಳಗೇ ಇರುವ ನಾಟಕ, ಕುರ್ಚಿ ಅಲ್ಲಾಡುವ ಸಿನಿಮಾ, ಇಂಥವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಎರಡು ಗಂಟೆಗೆ ಜಗಳ ಆಯ್ತು ಅಂದಿರಲ್ಲ. ನಮ್ಮ ಮನೆಯಲ್ಲಿ ಎಲ್ಲ ಜಗಳವೂ ಎರಡು ಗಂಟೆಗೇ. ಹಸಿವು, ಸೆಕೆ, ಕಾಲುನೋವು ಮೂರೂ ಒಟ್ಟಿಗೆ ಬರುವ ಹೊತ್ತು ಅದು. ಜಗಳದ ವಿಷಯ ಏನು ಅನ್ನುವುದು ನೆಪ ಅಷ್ಟೇ.

ಕಾರು ಇದೆ ಅಂತ ಮಕ್ಕಳನ್ನೋ ಹಿರಿಯರನ್ನೋ ಅದರೊಳಗೆ "ಹತ್ತು ನಿಮಿಷ ಮಲಗಿರಿ" ಅಂತ ಮಾತ್ರ ಬಿಡಬೇಡಿ. ಬಿಸಿಲಿಗೆ ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿ ಏರುತ್ತದೆ.

ಮೂರರತಾಯಿ
ಅದರ ಜೊತೆಗೆ, ಮಗುವಿನ ತಳ್ಳುಗಾಡಿಯ ಮೇಲೆ ಬಟ್ಟೆ ಹೊದಿಸುವುದೂ ಅಷ್ಟೇ. ನೆರಳಾಗಲಿ ಅಂತ ಹೊದಿಸುತ್ತೇವೆ, ಒಳಗೆ ಗಾಳಿಯಾಡದೆ ಒಲೆ ಆಗಿರುತ್ತದೆ. ನನ್ನ ಮೂರನೆಯದಕ್ಕೆ ನಾನೇ ಹಾಗೆ ಮಾಡಿದ್ದೆ. ಕೈ ಒಳಗೆ ಹಾಕಿ ನೋಡಿದಾಗ ಗೊತ್ತಾಯಿತು.

ಹೊಸಚಪ್ಪಲಿ
ನಾನು ಒಂದೇ ಮಾತು ಹೇಳುತ್ತೇನೆ: ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ.

ಕೊನೆಸೀಟು
ಹೆಸರಿನ ಹಿಂದೆ ದೊಡ್ಡ ಕಥೆ ಇದೆ ಅನ್ನಿಸುತ್ತದೆ.

ಹೊಸಚಪ್ಪಲಿ
ನೀರಿನ ರೈಡ್ ಮುಗಿಸಿ, ಒದ್ದೆ ಕಾಲಿನಲ್ಲಿ ಮೂರು ಗಂಟೆ ನಡೆದೆ. ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯೋಣ ಅಂದರೆ ನೆಲ ಕಾದ ಹೆಂಚು. ನೆರಳಿಂದ ನೆರಳಿಗೆ ಕಪ್ಪೆಯ ಹಾಗೆ ಹಾರಿಕೊಂಡು ಕಾರು ಮುಟ್ಟಿದೆ. ಹೆಂಡತಿ ವಿಡಿಯೋ ಮಾಡಿದ್ದಾಳೆ, ಪ್ರತಿ ಹುಟ್ಟುಹಬ್ಬಕ್ಕೂ ಹಾಕುತ್ತಾಳೆ.

ಸಂಜೆಗಾಳಿ
ದುಬಾರಿ ಟಿಕೆಟ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಮಾತು: ತಗೊಳ್ಳಬೇಡಿ. ಒಬ್ಬರ ಹೊತ್ತನ್ನು ಕಿತ್ತು ಇನ್ನೊಬ್ಬರಿಗೆ ಮಾರುವ ವ್ಯಾಪಾರ ಅದು. ಮೇಷ್ಟ್ರು ಲೆಕ್ಕ ಹಾಕಿ ತೋರಿಸಿದರಲ್ಲ.

ನೆರಳಿನಬೆಕ್ಕು
ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನಾನು ತಗೊಳ್ಳುತ್ತೇನೆ, ನಾಚಿಕೆ ಇಲ್ಲ. ಬಿಸಿಲಲ್ಲಿ ಎಂಬತ್ತು ನಿಮಿಷ ಉಳಿಸುವುದು ಐಷಾರಾಮ ಅಲ್ಲ. ಆದರೆ ಎಲ್ಲರಿಗೂ ಬೇಡ. ದೊಡ್ಡ ರೈಡ್ ಹತ್ತುವವರಿಗೆ ಮಾತ್ರ ಸಾಕು.

ಲೆಕ್ಕದಮೇಷ್ಟ್ರು
1999ರಲ್ಲಿ ಡಿಸ್ನಿಯವರು ಕ್ಯೂ ತಪ್ಪಿಸುವ ಫಾಸ್ಟ್‌ಪಾಸ್ ಶುರು ಮಾಡಿದಾಗ ಅದಕ್ಕೆ ಬೇರೆ ದುಡ್ಡು ಇರಲಿಲ್ಲ. ಚೀಟಿ ತಗೊಂಡು, ಅದರಲ್ಲಿ ಬರೆದ ಹೊತ್ತಿಗೆ ಬಂದರೆ ಸಾಕಿತ್ತು. 2021ರಲ್ಲಿ ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಅದರ ಬದಲು ದುಡ್ಡು ಕೊಡುವ ಪದ್ಧತಿ ಬಂತು. ಇನ್ನು ಸಾಲಿನ ಬೇಸರದ ಬಗ್ಗೆ ಡೇವಿಡ್ ಮೈಸ್ಟರ್ ಅನ್ನುವವರು 1985ರಲ್ಲೇ ಬರೆದಿದ್ದಾರೆ. ಕೆಲಸವಿಲ್ಲದೆ ಕಾದ ಹೊತ್ತು ಉದ್ದ ಅನ್ನಿಸುತ್ತದೆ, ಎಷ್ಟು ಕಾಯಬೇಕು ಅಂತ ಗೊತ್ತಿಲ್ಲದಿದ್ದರೆ ಇನ್ನೂ ಉದ್ದ. ಸಾಲಿನ ಪಕ್ಕ ಚಿತ್ರ, ಗೊಂಬೆ, ಪರದೆ ಇಟ್ಟಿರುವುದು ಅದಕ್ಕೇ. ನಾನು ಮಕ್ಕಳಿಗೆ ತಲೆ ಎಣಿಸುವ ಕೆಲಸ ಕೊಡುತ್ತೇನೆ. ಯಾರ ಅಂದಾಜು ಹತ್ತಿರವೋ ಅವರಿಗೆ ಕಿಟಕಿ ಪಕ್ಕದ ಸೀಟು.

ಸುಮ್ನೆಓದುವವ
ಮೇಷ್ಟ್ರ ಮಕ್ಕಳಿಗೆ ನನ್ನ ಸಂತಾಪ.

ಎರಡುಜಡೆ
ವಾಪಸ್ ಬಂದೆ. ದಾದಿಯಕ್ಕ, ನಿಮ್ಮ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಇವತ್ತು ಬಟ್ಟೆ ಮಡಿಸುವಾಗ ಅತ್ತೆಯನ್ನು ಕೇಳಿದೆ. ಮೊದಲು "ಕುಡಿದೆ ಕಣೇ" ಅಂದರು. ಅಷ್ಟರಲ್ಲಿ ನೆನಪಾಯಿತು, ಮನೆಗೆ ಬಂದು ಚೀಲ ಬಿಚ್ಚಿದಾಗ ಅವರ ಬಾಟಲಿ ಕುತ್ತಿಗೆಯವರೆಗೂ ತುಂಬಿತ್ತು. ನಾನೇ ಅದನ್ನು ಗಿಡಕ್ಕೆ ಸುರಿದಿದ್ದೆ.

ಮತ್ತೆ ಕೇಳಿದ್ದಕ್ಕೆ ಹೇಳಿದರು. ಬೆಳಿಗ್ಗೆ ಮಾತ್ರೆ ಜೊತೆ ಅರ್ಧ ಲೋಟ ನೀರು, ಅಷ್ಟೇ. ಕುಡಿದರೆ ಶೌಚಾಲಯಕ್ಕೆ ಹೋಗಬೇಕಲ್ಲ. ಅದು ಎಲ್ಲಿದೆಯೋ ಗೊತ್ತಿಲ್ಲ. ಏಳೂ ಜನರ ಚೀಲ, ಚಪ್ಪಲಿ, ಟೋಪಿ, ಎರಡು ಫೋನ್ ಅವರ ಸುತ್ತ ಇದ್ದವು. "ಅವನ್ನೆಲ್ಲ ಯಾರ ಕೈಗೆ ಕೊಟ್ಟು ಹೋಗಲಿ? ನೀವು ಯಾರಾದರೂ ಬರುತ್ತೀರೇನೋ ಅಂತ ನೋಡುತ್ತಿದ್ದೆ" ಅಂದರು. ಬೈಯುವ ದನಿಯಲ್ಲಿ ಹೇಳಿದ್ದರೆ ವಾಸಿ ಇತ್ತು. ಸುಮ್ನೆ, ಟವೆಲ್ ಮಡಿಸುತ್ತಾ ಹೇಳಿದರು.

ನಾವು ನಡುವೆ ಎರಡು ಸಲ ಅವರ ಹತ್ತಿರ ಹೋಗಿದ್ದೆವು. ಎರಡು ಸಲವೂ ಇನ್ನಷ್ಟು ಸಾಮಾನು ಇಟ್ಟು ಬರಲು.

ದಾದಿಯಕ್ಕ
ನಿಮ್ಮೊಬ್ಬರ ಮನೆಯ ಕಥೆ ಅಲ್ಲ ಇದು. ಪ್ರಯಾಣ, ಮದುವೆ, ಜಾತ್ರೆ ಎಲ್ಲಿ ಹೋದರೂ ನಮ್ಮ ಹೆಂಗಸರು ಮೊದಲು ಬಿಡುವುದು ನೀರು. ವಾರ್ಡಿನಲ್ಲಿ ದಿನಾ ನೋಡುತ್ತೇನೆ. "ನೀರು ಕುಡೀರಿ" ಅಂತ ಹತ್ತು ಸಲ ಹೇಳಿದರೆ ಉಪಯೋಗವಿಲ್ಲ. "ಬನ್ನಿ, ನಾನೂ ಹೋಗಬೇಕು, ಒಟ್ಟಿಗೆ ಹೋಗೋಣ" ಅಂದು ನೋಡಿ, ಆಮೇಲೆ ತಾನಾಗೇ ಕುಡಿಯುತ್ತಾರೆ. ಮಾತ್ರೆಯ ವಿಷಯ ಹೋಗುವ ಮೊದಲು ಅವರ ಡಾಕ್ಟರ ಹತ್ತಿರ ಒಮ್ಮೆ ಕೇಳಿ, ನೀವಾಗಿ ನಿಲ್ಲಿಸಬೇಡಿ.

ಹೊಸಚಪ್ಪಲಿ
ನಮ್ಮಮ್ಮನೂ ಪ್ರತಿ ಸಲ "ನಾನು ಇಲ್ಲೇ ಕೂತಿರುತ್ತೇನೆ, ಸಾಮಾನು ಬಿಟ್ಟು ಹೋಗಿ" ಅನ್ನುತ್ತಾರೆ. ಅವರಿಗೆ ಅದೇ ಇಷ್ಟ ಅಂದುಕೊಂಡಿದ್ದೆ.

ಬಾಗಿಲುತೆಗಿ
ಲಾಕರ್ ತಗೊಳ್ಳಿ. ಅಜ್ಜಿಯನ್ನು ಲಾಕರ್ ಮಾಡಬೇಡಿ.

ಸುಮ್ನೆಓದುವವ
ಇಷ್ಟು ಹೊತ್ತಿಗೆ ಬಾಗಿಲುತೆಗಿ ಒಂದು ಒಳ್ಳೆ ಮಾತು ಹೇಳಿದ್ದಾರೆ.

ಕೊನೆಸೀಟು
ಲಾಕರ್‌ಗೂ ಬಾಡಿಗೆ, ಅದಕ್ಕೂ ಸಾಲು. ಅದರ ಬದಲು ಸಾಮಾನೇ ಕಡಿಮೆ ಒಯ್ಯಿರಿ. ಒಂದು ಬೆನ್ನಿನ ಚೀಲ: ನೀರು, ಟೋಪಿ, ಸನ್‌ಸ್ಕ್ರೀನ್, ಮಕ್ಕಳಿಗೆ ಒಂದೊಂದು ಜೊತೆ ಬಟ್ಟೆ, ಪ್ಲಾಸ್ಟಿಕ್ ಕವರ್. ಸನ್‌ಸ್ಕ್ರೀನ್ ಮನೆಯಲ್ಲಿ ಹಚ್ಚಿದ್ದು ದಿನವಿಡೀ ಇರಲ್ಲ, ಎರಡು ಗಂಟೆಗೊಮ್ಮೆ ಹಚ್ಚಬೇಕು. ನೀರಿಗಿಳಿದು ಬಂದರೆ ಮತ್ತೆ. ಫೋನನ್ನು ಬಿಸಿಲಿಗೆ ಕಾಣುವ ಹಾಗೆ ಇಡಬೇಡಿ. ಟಿಕೆಟ್, ನಕ್ಷೆ ಎಲ್ಲ ಅದರಲ್ಲೇ ಇದ್ದಾಗಲೇ ಅದು "ಕಾದಿದ್ದೇನೆ" ಅಂತ ಆಫ್ ಆಗುವುದು.

ಮೂರರತಾಯಿ
ಮಗಳ ವಾಂತಿಗೆ ಒಂದು ಮಾತು. ಕಿವಿಯೊಳಗೆ ಸಮತೋಲ ನೋಡಿಕೊಳ್ಳುವ ಭಾಗ "ತಿರುಗುತ್ತಿದ್ದೇವೆ" ಅನ್ನುತ್ತದೆ, ಕಣ್ಣು ಎದುರಿಗಿರುವ ಕಪ್ ಅನ್ನು ನೋಡಿ "ಇಲ್ಲ, ಕೂತಿದ್ದೇವೆ" ಅನ್ನುತ್ತದೆ. ಆ ಜಗಳ ಹೊಟ್ಟೆಗೆ ಬರುತ್ತದೆ. ಊಟ ಆದ ಕೂಡಲೇ ಗಿರಗಿರ ರೈಡ್ ಬೇಡ, ಹಸಿದ ಹೊಟ್ಟೆಯಲ್ಲೂ ಬೇಡ. ಸ್ವಲ್ಪ ತಿಂದು ಒಂದು ಗಂಟೆ ಬಿಟ್ಟು ಹತ್ತಿಸಿ.

ಎರಡುಜಡೆ
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ವಿಷಯ ಹೇಳಲೇಬೇಕು. "ಅತ್ತೆ, ನಿಮಗೆ ಅಲ್ಲಿ ಏನೂ ಬೇಡವಾಗಿತ್ತಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದೊಡ್ಡ ಚಕ್ರ ಹತ್ತಬೇಕು ಅಂತಿತ್ತು. ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ನಮ್ಮಪ್ಪ ಹತ್ತಿಸಿರಲಿಲ್ಲ" ಅಂದರು. ನಾವು ಅವರನ್ನು ಕೇಳಿಯೇ ಇರಲಿಲ್ಲ, ಟಿಕೆಟ್ ಅವರಿಗೂ ಪೂರ್ತಿ ದರದ್ದೇ ತಗೊಂಡಿದ್ದೆವು.

ಜೈಂಟ್ ವೀಲ್‌ಗೆ ಯಾವ ಹೊತ್ತು ಒಳ್ಳೆಯದು? ಬಿಪಿ ಇದ್ದವರು ಹತ್ತಬಹುದಾ?

ದಾದಿಯಕ್ಕ
ಅದನ್ನೂ ಡಾಕ್ಟರ ಹತ್ತಿರ ಕೇಳುವಾಗಲೇ ಕೇಳಿ. ಪಾರ್ಕಿನ ಸೂಚನೆಯ ಫಲಕವನ್ನೂ ಓದಿ. ನಿಧಾನಕ್ಕೆ ತಿರುಗುವ ಚಕ್ರಕ್ಕೂ ಕೋಸ್ಟರ್‌ಗೂ ವ್ಯತ್ಯಾಸ ಇದೆ, ಆದರೂ ಕೇಳಿ.

ಹಳೇಕಥೆ
ಮೊದಲ ಫೆರಿಸ್ ವೀಲ್ 1893ರಲ್ಲಿ ಶಿಕಾಗೋದ ಮೇಳದಲ್ಲಿ ನಿಂತದ್ದು. ಎಂಬತ್ತು ಮೀಟರ್ ಎತ್ತರ, 36 ಗೂಡು, ಒಂದೊಂದರಲ್ಲಿ 60 ಜನ. ಒಮ್ಮೆಗೆ 2,160 ಮಂದಿ. ನಿಮ್ಮ ಏಳು ಜನ, ಏಳು ಚೀಲ ಎಲ್ಲ ಒಂದೇ ಗೂಡಿನಲ್ಲಿ ಹಿಡಿಯುತ್ತಿದ್ದವು.

ಬಾಗಿಲುತೆಗಿ
ಬೆಳಿಗ್ಗೆ ಹತ್ತಿಸಿ. ಮಧ್ಯಾಹ್ನ ಗೂಡು ಕಾದಿರುತ್ತದೆ.

ಸಂಜೆಗಾಳಿ
ಸಂಜೆ ಹತ್ತಿಸಿ. ದೀಪ ಹಚ್ಚಿರುತ್ತಾರೆ.

ಎರಡುಜಡೆ
*(ಐದು ವಾರದ ನಂತರ)*

ಹೋಗಿ ಬಂದೆವು. ಮಂಗಳವಾರ ಹೋದೆವು, ನಮ್ಮವರು ರಜೆ ಹಾಕಿದರು. ಗೇಟ್ ತೆಗೆಯುವಾಗ ಅಲ್ಲಿದ್ದೆವು. ಹಿಂದಿನ ರಾತ್ರಿಯೇ ಮಕ್ಕಳ ಸ್ನಾನ ಮುಗಿಸಿದ್ದೆ. ಹನ್ನೆರಡರಿಂದ ನಾಲ್ಕೂವರೆ ಹೊರಗೆ. ಮಗಳಿಗೆ ಹತ್ತಬಹುದಾದ ರೈಡ್‌ಗಳನ್ನು ಅವಳೇ ಬಣ್ಣದ ಪೆನ್ಸಿಲ್‌ನಲ್ಲಿ ಪಟ್ಟಿ ಮಾಡಿಕೊಂಡು ಬಂದಿದ್ದಳು. ಸಾಮಾನು ಒಂದೇ ಚೀಲ, ಸರದಿಯ ಮೇಲೆ ಹೊತ್ತೆವು.

ಡಾಕ್ಟರು ಒಪ್ಪಿದರು, ಅತ್ತೆ ಚಕ್ರ ಹತ್ತಿದರು. ಬೆಳಿಗ್ಗೆ ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ, ಇಬ್ಬರ ಮಾತೂ ನಡೆಯಲಿ ಅಂತ. ಮೇಲೆ ಹೋದಾಗ ಹೆದರುತ್ತಾರೇನೋ ಅಂತ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು ಬಗ್ಗಿ ನೋಡಿ, ಬೆರಳು ತೋರಿಸುತ್ತಾ ಎಣಿಸುತ್ತಿದ್ದರು. ಏನು ಅಂದರೆ ಶೌಚಾಲಯ. ನಾಲ್ಕಿವೆಯಂತೆ. ಹೋದ ಸಲ ಕೂತಿದ್ದ ಬೆಂಚಿನ ಹಿಂದೆಯೇ, ಮರದ ಆಚೆಗೆ ಒಂದಿತ್ತು.

ದಾದಿಯಕ್ಕ
ನೀರು?

ಎರಡುಜಡೆ
ಎರಡು ಬಾಟಲಿ. ನಾನೇ ಜೊತೆಗೆ ಹೋದೆ, ನಾಲ್ಕನೆಯದು ಎಲ್ಲಕ್ಕಿಂತ ಸ್ವಚ್ಛ.

ಕೊನೆಸೀಟು
ಒಟ್ಟು ಎಷ್ಟು ರೈಡ್? ಕೊನೆ ಸೀಟು ಸಿಕ್ಕಿತಾ?

ಎರಡುಜಡೆ
ಒಂಬತ್ತು. ಕೊನೆ ಸೀಟು ಸಿಗುತ್ತಿತ್ತು. ನಮ್ಮವರು ಮೇಷ್ಟ್ರ ಸೂತ್ರ ಹಿಡಿದು ಹಿಂದೆ ತಿರುಗಿ ತಲೆ ಎಣಿಸುತ್ತಾ ನಿಂತಿದ್ದರು. ಅಷ್ಟರಲ್ಲಿ ಮುಂದಿನ ಗೇಟ್ ತೆಗೆದು, ಹಿಂದಿದ್ದವರು ಹೋಗಿ ಕೂತುಬಿಟ್ಟರು.

ಲೆಕ್ಕದಮೇಷ್ಟ್ರು
ಎಣಿಸಬೇಕಾದ್ದು ಮುಂದಿನವರನ್ನು, ಹಿಂದಿನವರನ್ನಲ್ಲ ಅಂತ ಅವರಿಗೆ ಹೇಳಿ.